ಒಂದೇ ಹಡಗಿನವರು

ನಮ್ಮ ಮನೆಯಲ್ಲಿ ಮದುವೆ ನಿಲ್ಲಬೇಕಾದರೆ ಜಾತಕ ಕೂಡದಿರುವುದು, ಹುಡುಗ ಕುಡುಕನಾಗಿರುವುದು ಇಂಥದ್ದೇನೂ ಬೇಕಿಲ್ಲ. ಫುವಾ ಬಾಣಲೆ ಮುಟ್ಟದಿದ್ದರೆ ಸಾಕು.

ಫುವಾ ನನ್ನ ಅಪ್ಪನ ಅಕ್ಕ. ಹೆಸರು ಸುಗ್ರೀ, ಆದರೆ ಆ ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಈಗ ಯಾರೂ ಉಳಿದಿಲ್ಲ. ಟ್ರಿನಿಡಾಡಿನ ಈ ಪೆನಾಲ್ ಊರಿಗೆಲ್ಲ ಅವಳು ಫುವಾ. ಅಂಚೆಯವನಿಗೂ ಫುವಾ, ಪೊಲೀಸಿನವರಿಗೂ ಫುವಾ. ಮದುವೆಯ ಹಿಂದಿನ ದಿನ ಹುಡುಗಿಯ ಸೋದರತ್ತೆ ಅಂಗಳದಲ್ಲಿ ಹೊಸ ಮಣ್ಣಿನ ಒಲೆಯ ಮುಂದೆ ಕೂತು ಭತ್ತ ಹುರಿದು ಅರಳು ಮಾಡಬೇಕು. ಮಾರನೆಯ ದಿನ ಆ ಅರಳು ಹುಡುಗಿಯ ಬೊಗಸೆಯಿಂದ ಬೆಂಕಿಗೆ ಬೀಳಬೇಕು. ಬಿದ್ದರೆ ಮದುವೆ, ಇಲ್ಲದಿದ್ದರೆ ಬರೀ ಊಟ. ನನಗೆ ಅಕ್ಕತಂಗಿಯರಿಲ್ಲ. ಹಾಗಾಗಿ ನನ್ನ ಮಗಳ ಪಾಳಿಯೂ ಫುವಾಳದೇ. ನಮ್ಮ ವಂಶದ ಎಲ್ಲ ಹೆಣ್ಣುಮಕ್ಕಳ ಅರಳನ್ನೂ ಅವಳೇ ಹುರಿದಿದ್ದಾಳೆ. ಮದುವೆಯೇ ಆಗದವಳು ಹುರಿಯಬಹುದೇ ಎಂದು ಹಿಂದೊಮ್ಮೆ ಪಂಡಿತರೊಬ್ಬರು ಅನುಮಾನ ತೆಗೆದಿದ್ದರಂತೆ. ಫುವಾ ಅವರನ್ನು ನೋಡಿದಳಂತೆ. ಅನುಮಾನ ಬಂದ ದಾರಿಯಲ್ಲೇ ವಾಪಸ್ಸಾಯಿತಂತೆ.

ಅವಳಿಗೆ ಮದುವೆ ಯಾಕಾಗಲಿಲ್ಲ ಎಂಬುದಕ್ಕೆ ಮನೆಯಲ್ಲಿ ಒಂದು ಸಿದ್ಧ ಕಥೆ ಇತ್ತು. ನೋಡಲು ಬಂದ ಗಂಡೊಬ್ಬನಿಗೆ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟಳು. ಅವನು ಪೂರ್ತಿ ಕುಡಿದು ಚೆನ್ನಾಗಿದೆ ಎಂದ. ಉಪ್ಪು ಸಕ್ಕರೆ ಗೊತ್ತಾಗದವನ ಜೊತೆ ಬಾಳಲಾರೆ ಎಂದು ಅವಳು ಬೇಡವೆಂದಳು. ನಾವೆಲ್ಲ ಈ ಕಥೆಗೆ ನಗುತ್ತಲೇ ದೊಡ್ಡವರಾದೆವು. ಅದರಾಚೆ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಾನು, ನನ್ನ ಹೆಂಡತಿ ದುಲಾರಿ, ಇಬ್ಬರೂ ಬೆಳಗಿನಿಂದ ರೊಟ್ಟಿ ಅಂಗಡಿಯಲ್ಲಿ ನಿಲ್ಲುವವರು. ಮಗಳು ಅಂಜನಿ ಬೆಳೆದದ್ದು ಮನೆಯ ಕಂಬಗಳ ನಡುವೆ ಕಟ್ಟಿದ ಫುವಾಳ ಜೋಲಿಯಲ್ಲಿ. ಹಟ ಅವಳಿಗೆ ಎಲ್ಲಿಂದ ಬಂತು ಎಂದು ಕೇಳುವವರು ಆ ಜೋಲಿಯನ್ನು ನೋಡಬೇಕು. ಅವಳು ಓದಿ ಸ್ಯಾನ್ ಫರ್ನಾಂಡೋದ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದಳು. ಪಕ್ಕದ ಕೌಂಟರಿನಲ್ಲಿ ಡೆರಿಕ್ ಎಂಬ ಹುಡುಗನಿದ್ದ. ಮುಂದಿನದು ಎಲ್ಲ ಬ್ಯಾಂಕುಗಳಲ್ಲೂ ಆಗುವಂಥದ್ದೇ.

ಹುಡುಗ ಒಳ್ಳೆಯವನು, ಮಾತು ಕಡಿಮೆ. ನವೆಂಬರ್ ಕೊನೆಗೆ ಮದುವೆ ಎಂದು ಗೊತ್ತುಮಾಡಿದೆವು. ಚಪ್ಪರದ ಬಿದಿರು ಕಡಿಸಿಯೂ ಆಗಿತ್ತು. ಆಮೇಲೆ ಒಂದು ಭಾನುವಾರ ಡೆರಿಕ್, ಅವನ ಅಪ್ಪ ಹರ್‌ದೇವ್, ಅಮ್ಮ ಮೂವರೂ ಹಣ್ಣಿನ ತಟ್ಟೆ ಹಿಡಿದು ಫುವಾಳ ಕಾಲಿಗೆ ಬೀಳಲು ಬಂದರು. ಫುವಾ ಗೇಟು ದಾಟುವವಳಲ್ಲವಾದ್ದರಿಂದ ಅಲ್ಲಿಯವರೆಗೆ ಅವರನ್ನು ನೋಡಿರಲಿಲ್ಲ.

"ಯಾರ ಮಗನಪ್ಪಾ ನೀನು?" ಎಂದಳು ಜೋಲಿಯಲ್ಲಿ ಕೂತು.

"ಹರ್‌ದೇವ್ ಅವರ ಮಗ, ಫುವಾ."

"ಹರ್‌ದೇವ್ ನನ್ನೆದುರಿಗೇ ಕೂತು ಲಡ್ಡು ತಿಂತಿದಾನೆ, ಅದು ಕಾಣ್ಸುತ್ತೆ. ಅವನು ಯಾರ ಮಗ?"

ಹರ್‌ದೇವ್ ಲಾರಿ ಓಡಿಸುವವನು, ದೊಡ್ಡ ಆಳು. ಬಾಯಲ್ಲಿದ್ದದ್ದನ್ನು ನುಂಗಿ ನೆಟ್ಟಗೆ ಕೂತ. "ನಮ್ಮಪ್ಪ ಮೋತೀ ಅಂತ, ಫುವಾ. ಇಲ್ಲೇ ಗೋಲ್ಕೊಂಡಾ ಕಬ್ಬಿನ ಎಸ್ಟೇಟಲ್ಲಿದ್ರು, ತೀರ್ಕೊಂಡ್ರು. ಅವರಪ್ಪ ರಾಮ್‌ಭರೋಸ್, ಕಲ್ಕತ್ತಾದಿಂದ ಬಂದೋರು."

ಫುವಾ ಕೈಯಲ್ಲಿದ್ದ ಲೋಟವನ್ನು ನೆಲಕ್ಕಿಟ್ಟಳು.

"ರಾಮ್‌ಭರೋಸ್ ಕಾಕಾನೂ ನಮ್ಮಪ್ಪನೂ ಒಂದೇ ಹಡಗಲ್ಲಿ ಬಂದೋರು. ಒಂದೇ ಪೀಪಾಯಿ ನೀರು ಕುಡಿದೋರು. ಈ ಹುಡುಗ ಅಂಜನಿಗೆ ಅಣ್ಣ ಆಗ್ಬೇಕು." ಎದ್ದು ಕೋಣೆಯ ಕಡೆ ನಡೆದಳು. ಬಾಗಿಲಲ್ಲಿ ನಿಂತು, "ಊಟ ಮಾಡ್ಕೊಂಡು ಹೋಗಿ" ಎಂದಳು.

ಅವರು ಊಟ ಮಾಡಿಕೊಂಡೇ ಹೋದರು. ದಾಲ್‌ಪುರಿ ಮಾತ್ರ ಚೆನ್ನಾಗಿ ಖರ್ಚಾಯಿತು.

ನಮ್ಮ ಹಿರಿಯರು ಕಬ್ಬಿನ ತೋಟದ ಕೂಲಿಗೆಂದು ಕಲ್ಕತ್ತಾದಲ್ಲಿ ಹಡಗು ಹತ್ತುವಾಗ ಯಾರಿಗೆ ಯಾರೂ ಆಗಿರಲಿಲ್ಲ. ಟ್ರಿನಿಡಾಡಿನಲ್ಲಿ ಇಳಿಯುವಾಗ ಜಹಾಜಿ ಭಾಯಿಗಳಾಗಿದ್ದರು, ಹಡಗಿನ ಅಣ್ಣತಮ್ಮಂದಿರು. ಅಪ್ಪ, ಅಮ್ಮ, ಊರು, ಜಾತಿ ಎಲ್ಲ ನೀರಿನ ಆಚೆ ಉಳಿಯಿತು. ಕೈಯಲ್ಲಿದ್ದದ್ದು ಇದೊಂದೇ ನಂಟು, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಜಹಾಜಿಗಳ ಮಕ್ಕಳು ಒಡಹುಟ್ಟಿದವರ ಸಮ, ಮೊಮ್ಮಕ್ಕಳೂ ಸಮ. ಎಷ್ಟನೆಯ ತಲೆಗೆ ಇದು ಮುಗಿಯುತ್ತದೆ ಎಂದು ಮಾತ್ರ ಯಾರೂ ಹೇಳಿಟ್ಟು ಹೋಗಲಿಲ್ಲ. ಈಗಿನವರಿಗೆ ಜಹಾಜಿ ಎಂದರೆ ಭಾಷಣದಲ್ಲಿ ಬರುವ ಮಾತು. ಫುವಾಳಿಗೆ ಅದು ರಕ್ತ.

ನಾನು ಪಂಡಿತ್ ಬಲ್‌ಗೋಬಿನ್ ಅವರ ಹತ್ತಿರ ಓಡಿದೆ. ಅವರು ಕಣ್ಣು ಮುಚ್ಚಿ ಯೋಚಿಸಿದರು.

"ಶಾಸ್ತ್ರದಲ್ಲಿ ಹಡಗಿನ ವಿಷಯ ಇಲ್ಲ, ರಾಮ್‌ದತ್. ಸಮುದ್ರ ದಾಟ್ಬಾರದು ಅಂತ ಇದೆ. ದಾಟಿದ್ಮೇಲೆ ಏನ್ ಮಾಡ್ಬೇಕು ಅಂತ ಇಲ್ಲ."

"ಅಂದ್ರೆ ಮದುವೆ ಮಾಡ್ಬಹುದು."

"ಧಾರಾಳವಾಗಿ. ನಿಮ್ಮ ಫುವಾ ಹೂಂ ಅಂದ್ರೆ."

ಬೇರೆ ಯಾರಾದರೂ ಅರಳು ಹುರಿಯಲಿ ಎಂದು ದುಲಾರಿ ಚಿಕ್ಕಪ್ಪ ದೊಡ್ಡಪ್ಪಂದಿರ ಹೆಣ್ಣುಮಕ್ಕಳನ್ನೆಲ್ಲ ಕೇಳಿ ಬಂದಳು. ಒಬ್ಬಳಿಗೆ ಮಂಡಿ ನೋವು, ಒಬ್ಬಳಿಗೆ ಹೊಗೆ ಆಗದು, ಇನ್ನೊಬ್ಬಳು ನಿಜ ಹೇಳಿದಳು: "ಸುಗ್ರೀ ಫುವಾ ಬದುಕಿರೋವಾಗ ಆ ಒಲೆ ಮುಂದೆ ಕೂತ್ರೆ ನಾನೇ ಅರಳಾಗ್ತೀನಿ." ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಸಿಗಲಿಲ್ಲ.

"ಅಂಗಡಿಯಿಂದ ಒಂದು ಪೊಟ್ಟಣ ತಂದ್ಬಿಡೋಣ" ಎಂದಳು ದುಲಾರಿ. "ಬೆಂಕಿಗೇನು ಗೊತ್ತಾಗುತ್ತಾ?"

"ಬೆಂಕಿಗೆ ಗೊತ್ತಾಗಲ್ಲ ಅಮ್ಮ, ನಂಗೆ ಗೊತ್ತಾಗುತ್ತೆ" ಎಂದಳು ಅಂಜನಿ. "ಫುವಾ ಹುರೀದೆ ನಾನು ಮಂಟಪಕ್ಕೆ ಬರಲ್ಲ. ಡೆರಿಕ್‌ನ ಬಿಟ್ಟು ಇನ್ನೊಬ್ಬನ ಮುಂದೆಯೂ ಕೂರಲ್ಲ. ಸುಮ್ನೆ ಇಲ್ಲೇ ಇದ್ಬಿಡ್ತೀನಿ."

ಹೇಳಿದ ರೀತಿಯಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಜೋಲಿಯಲ್ಲಿ ಕೂತು ಬಂದವರನ್ನೆಲ್ಲ ಯಾರ ಮಗ ಎಂದು ಕೇಳುವ ಇನ್ನೊಬ್ಬ ಫುವಾ ನನ್ನ ಮನೆಯಲ್ಲೇ ತಯಾರಾಗುತ್ತಿದ್ದಾಳೆ ಎನ್ನಿಸಿತು.

ಫುವಾ ಸೊಪ್ಪು ಸೋಸುತ್ತಾ ಕೂತಿದ್ದಾಗ ಹತ್ತಿರ ಹೋದೆ. "ಆ ಹಡಗು ಬಂದು ನೂರು ವರ್ಷ ಆಯ್ತು, ಫುವಾ."

"ಹಡಗು ವಾಪಸ್ ಹೋಯ್ತು. ನಾವು ಹೋಗ್ಲಿಲ್ಲ."

"ಕಾಲ ಬದಲಾಗಿದೆ."

"ನನಗೇನೂ ಬದಲಾಗ್ಲಿಲ್ಲ."

ಅದರ ಅರ್ಥವೇನೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಸೊಪ್ಪಿನ ಬುಟ್ಟಿ ನನ್ನ ತಲೆಯ ಮೇಲಿರುತ್ತಿತ್ತು.

ನವೆಂಬರ್ ಶುರುವಾಯಿತು. ಕ್ಯಾಥೊಲಿಕರು ಗೋರಿಗಳ ಮೇಲೆ ಮೇಣದಬತ್ತಿ ಹಚ್ಚುವ ಸಂಜೆ ಡೆರಿಕ್ ಒಬ್ಬನೇ ಬಂದ. ಫುವಾಳೊಂದಿಗೆ ತಾನೇ ಮಾತಾಡುತ್ತೇನೆಂದು ಅಂಜನಿಗೆ ಹೇಳಿದ್ದನಂತೆ. ಬಂದವನು ಅವಳ ಮುಂದೆ ಮಣೆ ಎಳೆದು ಕೂತ. ಕೂತ ಮೇಲೆ ಮಾತೇ ಹೊರಡಲಿಲ್ಲ. ಫುವಾಳೂ ಸಹಾಯ ಮಾಡಲಿಲ್ಲ. ನಾನು ಕಂಬಕ್ಕೆ ಒರಗಿ ಇಬ್ಬರನ್ನೂ ನೋಡುತ್ತಿದ್ದೆ. ಇವರಿಬ್ಬರನ್ನೇ ಬಿಟ್ಟರೆ ಕ್ರಿಸ್‌ಮಸ್ ಬರುವವರೆಗೂ ಹೀಗೇ ಕೂತಿರುತ್ತಾರೆ ಎನ್ನಿಸಿತು.

ಕೊನೆಗೆ ಫುವಾ, "ತೋಳಿಗೇನು ಮೆತ್ಕೊಂಡಿದೀಯ?" ಎಂದಳು.

"ಮೇಣ, ಫುವಾ. ಸ್ಮಶಾನದಿಂದ ಸೀದಾ ಬಂದೆ."

"ಕ್ಯಾಥೊಲಿಕರ ಸ್ಮಶಾನದಲ್ಲಿ ನಿನಗೇನು ಕೆಲಸ?"

"ಮಾ ತಿತೀನ್ ಗೋರಿಗೆ ದೀಪ ಹಚ್ಬೇಕು, ಪ್ರತಿ ವರ್ಷ."

"ಯಾರು ಅವಳು ನಿಮಗೆ?"

"ಗೊತ್ತಿಲ್ಲ. ಕ್ರಿಯೋಲ್ ಮುದುಕಿ, ಆಫ್ರಿಕಾ ಮೂಲದೋಳು, ಗೋಲ್ಕೊಂಡಾದಲ್ಲಿ ಸೂಲಗಿತ್ತಿ ಆಗಿದ್ಲಂತೆ. ಮುಂಚೆ ನಮ್ಮಜ್ಜ, ಮೋತೀ ಆಜಾ ಹಚ್ತಿದ್ರು, ಆಮೇಲೆ ಅಪ್ಪ, ಈಗ ನಾನು."

"ಯಾಕೆ ಅಂತ ಒಬ್ಬರೂ ಕೇಳ್ಲಿಲ್ವಾ?"

"ಅಪ್ಪ ಕೇಳಿದ್ರಂತೆ. ಅವಳನ್ನ ಕತ್ತಲಲ್ಲಿ ಬಿಡಬೇಡ ಅಂದ್ರಂತೆ ಆಜಾ. ಅಷ್ಟೇ. ನಮ್ಮನೇಲಿ ಯಾರೂ ಜಾಸ್ತಿ ಮಾತಾಡಲ್ಲ."

"ಅವನೂ ಆಡ್ತಿರ್ಲಿಲ್ಲ" ಎಂದಳು ಫುವಾ.

ಬಗ್ಗಿ ಅವನ ತೋಳಿನ ಮೇಣವನ್ನು ಉಗುರಿನಿಂದ ಕೆರೆದು ತೆಗೆದಳು. ತೆಗೆದದ್ದನ್ನು ಎಸೆಯಲಿಲ್ಲ, ಅಂಗೈಯಲ್ಲಿಟ್ಟುಕೊಂಡು ಒಳಗೆ ಹೋದಳು. ಡೆರಿಕ್ ನನ್ನ ಮುಖ ನೋಡಿದ. ನಾನು ಚಹಾ ಕುಡೀತೀಯಾ ಎಂದು ಕೇಳಿದೆ. ಇನ್ನೇನು ಕೇಳಲಿ?

ಅಲ್ಲಿಂದ ಮುಂದೆ ಫುವಾ ಯಾರೊಂದಿಗೂ ಮಾತಾಡಲಿಲ್ಲ. ಇನ್ನು ಮುಗಿಯಿತು, ಕಲ್ಲಾಗಿಬಿಟ್ಟಳು ಎಂದುಕೊಂಡೆ. ಮದುವೆ ನಿಂತಿತು ಎಂದು ಊರಿಗೆ ಹೇಳುವ ಧೈರ್ಯ ನನಗಿರಲಿಲ್ಲ, ನಡೆಯುತ್ತದೆ ಎನ್ನುವ ಧೈರ್ಯವೂ ಇರಲಿಲ್ಲ. ಹೇಳದೆ ಬಿಟ್ಟರೆ ಮದುವೆಯ ಕೆಲಸಗಳು ತಾವಾಗಿಯೇ ನಡೆಯುತ್ತವೆ ಎಂಬುದು ಆಗ ಗೊತ್ತಾಯಿತು. ಚಪ್ಪರ ಎದ್ದಿತು. ಅಡುಗೆಗೆ ನೆಂಟರು ಬಂದರು. ಯಾರೋ ಪಾತ್ರೆ ತಂದರು, ಯಾರೋ ಊಟದ ಎಲೆ ತಂದರು, ಯಾರೋ ಜಗಳವನ್ನೂ ತಂದರು.

ಶನಿವಾರ ಮಧ್ಯಾಹ್ನ ಹೆಂಗಸರು ಚಪ್ಪರದ ಕೆಳಗೆ ಕುಂಬಳಕಾಯಿ ಹೆಚ್ಚುತ್ತಿದ್ದರು. ಅಂಗಳದ ನಡುವೆ ಹೊಸ ಒಲೆ ಇತ್ತು. ಅದರ ಮುಂದೆ ಮಣೆ ಇತ್ತು. ಮಣೆಯ ಮೇಲೆ ಯಾರೂ ಇರಲಿಲ್ಲ. ಎಲ್ಲರೂ ಅದನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದರು. ದುಲಾರಿ ಅಂಗಡಿಯ ಅರಳಿನ ಪೊಟ್ಟಣವನ್ನು ಬೀರುವಿನಲ್ಲಿ ಸೀರೆಗಳ ಅಡಿ ಬಚ್ಚಿಟ್ಟಿದ್ದಳು. ಅಂಜನಿ ಮೈಗೆಲ್ಲ ಅರಿಸಿನ ಹಚ್ಚಿಸಿಕೊಂಡು, ಕಿಟಕಿಯ ಹತ್ತಿರ, ದಂತವೈದ್ಯರ ಮನೆಯಲ್ಲಿ ಪಾಳಿ ಕಾಯುವವಳ ಹಾಗೆ ಕೂತಿದ್ದಳು. ಪಂಡಿತರು ಏನೋ ಅಳತೆ ನೋಡುವ ನೆಪದಲ್ಲಿ ಬಂದು ತಿನ್ನುತ್ತಿದ್ದರು. ಅಷ್ಟರಲ್ಲಿ ಹರ್‌ದೇವ್ ಲಾರಿಯಲ್ಲೇ ಬಂದಿಳಿದ. ಗಂಡಿನ ಕಡೆಯವರು ಆ ದಿನ ಬರುವ ಪದ್ಧತಿಯಿಲ್ಲ.

"ನೇರವಾಗಿ ಕೇಳ್ತೀನಿ, ರಾಮ್‌ದತ್ ಭಾಯಿ. ನಾಳೆ ದಿಬ್ಬಣ ತರೋದಾ, ಬೇಡ್ವಾ?"

ನಾನು ಒಂದು ಕುರ್ಚಿ ಎಳೆದು ಅವನ ಮುಂದಿಟ್ಟೆ.

"ಭತ್ತ ಎಲ್ಲಿ?" ಎಂದಿತು ಹಿಂದಿನಿಂದ ಒಂದು ದನಿ.

ಫುವಾ ಹಳದಿ ಸೀರೆಯುಟ್ಟು ಬಂದಿದ್ದಳು. ನೇರ ಹೋಗಿ ಮಣೆಯ ಮೇಲೆ ಕೂತಳು. ಬೆಂಕಿ ಹೊತ್ತಿಸಿ ಬಾಣಲೆಯಿಟ್ಟು, ತೆಂಗಿನ ಕಡ್ಡಿಗಳ ಕಟ್ಟನ್ನು ಕೈಗೆ ತೆಗೆದುಕೊಂಡಳು. ಆಮೇಲೆ ತಲೆ ಎತ್ತದೆ ಹೇಳಿದಳು: "ಹರ್‌ದೇವ್, ನೀನು ರಾಮ್‌ಭರೋಸ್ ಮೊಮ್ಮಗ ಅಲ್ಲ."

ಕುಂಬಳಕಾಯಿ ಹೆಚ್ಚುವ ಸದ್ದು ನಿಂತಿತು. ಹರ್‌ದೇವನ ಮುಖ ಕೆಂಪಾಯಿತು. "ಫುವಾ, ನೀವು ದೊಡ್ಡೋರು. ಆದ್ರೆ ನಮ್ಮಜ್ಜಿ ಬಗ್ಗೆ..."

"ಕೂತ್ಕೋ. ನಿಮ್ಮಜ್ಜಿ ಬೆಂಕಿಯಂಥ ಹೆಂಗಸು. ಹೆತ್ತಿದ್ದು ಅವಳೇ. ಆದ್ರೆ ಮೋತಿಗಿಂತ ಮುಂಚೆ ಹೆತ್ತಿದ್ದು ಒಂದೂ ಉಳೀಲಿಲ್ಲ. ಅದಕ್ಕೆ ಮೋತೀನ ಹುಟ್ಟಿದ ದಿನಾನೇ ಸೂಲಗಿತ್ತಿಗೆ ಮಾರಿದ್ರು. ಇವರು ಕಿಟಕಿಯಿಂದ ಮಗು ಕೊಟ್ರು, ಮಾ ತಿತೀನ್ ಒಂದು ಬೋಗುಣಿ ತೌಡು ಕೊಟ್ಲು. ಯಮ ಬಂದು ಹುಡುಕಿದ್ರೆ ಆ ಮನೇಲಿ ಅವರ ಮಗು ಇಲ್ಲ. ಆಮೇಲೆ ಸಾಕೋದಕ್ಕೆ ಅಂತ ವಾಪಸ್ ತಂದ್ಕೊಂಡ್ರು. ಸಾಕಿದ್ದು ಬೇರೆ, ಕೊಂಡಿದ್ದು ಬೇರೆ."

ಮುದುಕಿಯರೆಲ್ಲ ತಲೆಯಾಡಿಸಿದರು. ನಮ್ಮಲ್ಲಿ ಇದು ಹೊಸದೇನಲ್ಲ. ನನ್ನ ಚಿಕ್ಕಪ್ಪನನ್ನೇ ಹಾಗೆ ಮೀನಿನವಳಿಗೆ ಮಾರಿದ್ದರು. ಅವಳು ಸಾಯುವವರೆಗೂ ಅವನು ಅವಳ ಬುಟ್ಟಿಯಿಂದ ಹೇಳದೆ ಕೇಳದೆ ಮೀನು ಎತ್ತಿಕೊಳ್ಳುತ್ತಿದ್ದ. ಆದರೆ ಮಾರಿದ ಮಗುವಿನ ನಂಟು ಯಾವ ಕಡೆಗೆ ಹೋಗುತ್ತದೆ ಎಂದು ಯಾರೂ ಕೂತು ಯೋಚಿಸಿರಲಿಲ್ಲ.

"ನಮ್ಮಪ್ಪ ಒಂದು ದಿನಾನೂ ಹೇಳ್ಲಿಲ್ಲ" ಎಂದ ಹರ್‌ದೇವ್. ಅವನ ದನಿ ಇಳಿದಿತ್ತು.

"ಮೊದಲು ಅವನಿಗೇ ಗೊತ್ತಿರ್ಲಿಲ್ಲ. ಅಷ್ಟು ಮಕ್ಕಳನ್ನ ಕಳ್ಕೊಂಡೋರು, ಕೊಂಡೋಳು ಬದುಕಿರೋ ತನಕ ಯಾರೂ ಬಾಯಿ ಬಿಡ್ಬಾರ್ದು ಅಂತ ಮಾಡ್ಕೊಂಡಿದ್ರು, ಬಿಟ್ರೆ ಯಮನಿಗೆ ಕೇಳಿಸ್ಬಿಡುತ್ತೆ ಅಂತ. ಸಾಯೋ ಹೊತ್ತಿಗೆ ಅವಳೇ ಕರ್ದು ಹೇಳಿದ್ಲು. ಮೋತಿ ತಲೆ ಬೋಳಿಸ್ಕೊಂಡು ಅವಳಿಗೆ ಪಿಂಡ ಇಟ್ಟ. ನೀನೂ ನಿನ್ನ ಮಗನೂ ಇವತ್ತಿಗೂ ದೀಪ ಹಚ್ತಿದೀರ. ಯಾರಿಗೆ ಅಂದ್ಕೊಂಡಿದ್ದೆ? ನಿಮ್ಮಜ್ಜಿಗೇ."

ಹರ್‌ದೇವ್ ಮೆಲ್ಲಗೆ ಕೂತ. ಎಲ್ಲರೂ ಪಂಡಿತರ ಕಡೆ ತಿರುಗಿದರು. ಪಂಡಿತರು ಕೈಯಲ್ಲಿದ್ದ ಪೂರಿಯನ್ನು ತಟ್ಟೆಗೆ ಹಾಕಿದರು. ಇಂಥ ಗಂಭೀರ ಸಂದರ್ಭ ಅವರ ಜೀವನದಲ್ಲಿ ಅಪರೂಪ.

"ಪಿಂಡ ಇಟ್ಟಿದ್ರೆ ಮಗನೇ. ಅದರಲ್ಲಿ ಎರಡು ಮಾತಿಲ್ಲ" ಎಂದರು. ಆಮೇಲೆ ಸುಮ್ಮನಿರಲಾರದೆ, "ಆ ಹೆಂಗಸಿನ ಕಡೆಯೋರು ಯಾವ ಹಡಗು?" ಎಂದರು.

"ಅವರೂ ಹಡಗಲ್ಲೇ ಬಂದೋರು" ಎಂದಳು ಫುವಾ. "ಸರಪಳಿ ಹಾಕಿ ತಂದ್ರು. ಆ ಹಡಗಲ್ಲಿ ನಮ್ಮೋರು ಯಾರೂ ಇರ್ಲಿಲ್ಲ."

ಭತ್ತವನ್ನು ಬಾಣಲೆಗೆ ಸುರಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಕಾಳು ಸಿಡಿಯಿತು, ಆಮೇಲೆ ಎಲ್ಲವೂ. ಕಿಟಕಿಯ ಹತ್ತಿರ ಅಂಜನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಅರಿಸಿನವೆಲ್ಲ ಹಾಳಾಗುತ್ತದೆಂದು ದುಲಾರಿ ಬೈಯುತ್ತಾ ತಾನೂ ಅಳುತ್ತಿದ್ದಳು. ನನ್ನ ಕಣ್ಣಿಗೆ ಹೊಗೆ ಬಂತು ಎಂದು ಹೇಳಬಹುದಿತ್ತು. ಗಾಳಿ ಆ ಕಡೆಗಿತ್ತು.

ಅರಳು ಹುರಿದವಳು ಬಾಣಲೆ ಇಳಿಸುವ ಮುಂಚೆ ಉಡುಗೊರೆಗಾಗಿ ಜಗಳವಾಡಬೇಕು, ಅದು ಪದ್ಧತಿ. ನನ್ನ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಫುವಾ ಒಂದು ಹಸು ಕೇಳಿ, ಮಧ್ಯಾಹ್ನದವರೆಗೆ ವಾದಿಸಿ, ಸೀರೆಗೆ ಒಪ್ಪಿದ್ದಳು. ದುಲಾರಿ ಈ ಸಲವೂ ಸೀರೆ ಹಿಡಿದು ಸಿದ್ಧವಾಗಿ ನಿಂತಿದ್ದಳು.

"ಏನು ಬೇಕು ಫುವಾ, ಕೇಳಿ."

"ಒಂದು ಪೊಟ್ಟಣ ಮೇಣದಬತ್ತಿ" ಎಂದಳು ಫುವಾ. "ಬಿಳೀದು."

ಜಗಳವಾಡಲು ಏನೂ ಇರಲಿಲ್ಲ. ಕೊಟ್ಟೆವು.

ಭಾನುವಾರ ಮದುವೆಯಾಯಿತು. ಸಂಜೆ ಅಂಜನಿಯನ್ನು ಕಳಿಸಿಕೊಟ್ಟು, ಮುರಿದ ಕುರ್ಚಿಗಳ ನಡುವೆ ಜೋಲಿಯ ಪಕ್ಕ ಹೋಗಿ ಕೂತೆ. ಮಗಳಿಲ್ಲದ ಮನೆ ಮೊದಲ ದಿನವೇ ದೊಡ್ಡದಾಗಿತ್ತು.

"ಇದನ್ನ ಮೊದಲೇ ಹೇಳಿದ್ದಿದ್ರೆ ಇಷ್ಟು ಪರದಾಟ ತಪ್ತಿತ್ತಲ್ಲ, ಫುವಾ. ನಿನಗೆ ಯಾವಾಗ ಗೊತ್ತಾಯ್ತು?"

ಅವಳು ಸೆರಗಿಗಂಟಿದ್ದ ಅರಳೊಂದನ್ನು ಬಿಡಿಸಿದಳು.

"ಮೋತಿ ನನ್ನನ್ನ ಕೇಳಿದ್ದ" ಎಂದಳು. "ನಮ್ಮಪ್ಪನ ಹತ್ರ ಬಂದು, ಎದುರಿಗೆ ನಿಂತು ಕೇಳಿದ್ದ. ಜಾಸ್ತಿ ಮಾತಾಡದೋನು ಅವತ್ತು ಅಷ್ಟು ಮಾತಾಡಿದ್ದೇ ದೊಡ್ಡದು. ಜಹಾಜಿ, ಅಣ್ಣ ತಂಗಿ ಅಂದ್ರು ಅಪ್ಪ. ರಾಮ್‌ಭರೋಸ್ ಕಾಕಾ ಅಲ್ಲೇ ಕೂತಿದ್ದ. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಬಿಟ್ರೆ ಮಗ ಸಾಯ್ತಾನೆ ಅಂತ ಭಯ. ಅವನದೇನು ತಪ್ಪು? ಮೋತಿಗೆ ಬೇರೆ ಕಡೆ ಮದ್ವೆ ಮಾಡಿದ್ರು."

ಉಪ್ಪಿನ ಚಹಾ ಕುಡಿದವನ ನೆನಪಾಯಿತು. ಅವನು ಉಪ್ಪು ಗುರುತಿಸಿದ್ದರೂ ಅವಳು ಬೇಡವೆನ್ನುತ್ತಿದ್ದಳು.

"ಮಾರನೇ ವರ್ಷ ಚೀನೀಯವನ ಅಂಗಡೀಲಿ ಸಿಕ್ಕಿದ, ತಲೆ ಬೋಳಿಸ್ಕೊಂಡಿದ್ದ. ಯಾರು ಹೋದ್ರು ಅಂತ ಕೇಳ್ದೆ. ನಮ್ಮಮ್ಮ ಅಂದ. ನಿಮ್ಮಮ್ಮ ಈಗ ತಾನೇ ಸಂತೇಲಿ ಬದನೆಕಾಯಿ ಮಾರ್ತಿದ್ಲಲ್ಲೋ ಅಂದೆ. ಆವಾಗ ಹೇಳ್ದ. ಹೇಳ್ತಾ ಹೇಳ್ತಾ ಅವನಿಗೂ ಅರ್ಥ ಆಯ್ತು, ನನಗೂ ಆಯ್ತು. ಅವನ ಕೈಯಲ್ಲಿ ಅಕ್ಕಿ ಚೀಲ, ಮನೇಲಿ ಬಸುರಿ ಹೆಂಡ್ತಿ. ನನ್ನ ಕೈಯಲ್ಲಿ ಉಪ್ಪುಮೀನು. ಉಪ್ಪುಮೀನು ತುಟ್ಟಿ ಆಯ್ತು ಅಂದೆ. ಹೂಂ ಅಂದ."

"ಆಮೇಲೆ?"

"ಆಮೇಲೇನು, ಮನೆಗೆ ಬಂದು ಮೀನು ಬೇಯಿಸಿದೆ."

ಜೋಲಿ ಸ್ವಲ್ಪ ತೂಗಿತು. "ಹರ್‌ದೇವ್ ಅಪ್ಪನ ಹೆಸರು ಹೇಳಿದಾಗ, ನನಗೆ ಇಲ್ಲ ಅಂದದ್ದು ಇವಳಿಗೆ ಮಾತ್ರ ಯಾಕೆ ಹೂಂ ಆಗ್ಬೇಕು ಅನ್ನಿಸ್ತು ಕಣೋ. ಕೆಟ್ಟ ಮನಸ್ಸು. ಹೇಳಿದ್ರೆ ನಾನು ಇಷ್ಟು ವರ್ಷ ಕೂತಿದ್ದು ಸುಮ್‌ಸುಮ್ನೆ ಅಂತ ಊರಿಗೆಲ್ಲ ಗೊತ್ತಾಗುತ್ತೆ. ಹೇಳ್ದೆ ಇದ್ರೆ ಕಟ್ಟಳೆಗೋಸ್ಕರ ಕೂತೆ ಅಂತಾದ್ರೂ ಇರುತ್ತೆ. ಆ ಹುಡುಗ ತೋಳಿಗೆ ಮೇಣ ಮೆತ್ಕೊಂಡು ಬಂದ. ಏನೂ ಗೊತ್ತಿಲ್ದೆ ಅಪ್ಪನೂ ಮಗನೂ ದೀಪ ಹಚ್ತಿದಾರೆ. ಎಲ್ಲ ಗೊತ್ತಿದ್ದು ನಾನೊಬ್ಬಳೇ ಕತ್ತಲಲ್ಲಿ ಕೂತಿದೀನಿ."

ಕೈ ಹಿಡಿಯೋಣವೆಂದರೆ ಅವಳ ಕೈ ಹಿಡಿದು ಅಭ್ಯಾಸವಿಲ್ಲ. ಜೋಲಿಯ ಹಗ್ಗ ಹಿಡಿದುಕೊಂಡು ಮೆಲ್ಲಗೆ ತೂಗಿದೆ. ಬೇಡ ಎನ್ನಲಿಲ್ಲ.

ಮುಂದಿನ ನವೆಂಬರಿನಲ್ಲಿ ಆ ಸಂಜೆ ಬಂದಾಗ, ಗೇಟು ದಾಟದವಳು ಸೀರೆಯುಟ್ಟು ನನ್ನ ಕಾರಿನ ಹಿಂದಿನ ಸೀಟ್ ಹತ್ತಿ ಕೂತಿದ್ದಳು. ಮಡಿಲಲ್ಲಿ ಬಿಳಿ ಮೇಣದಬತ್ತಿಯ ಪೊಟ್ಟಣ. ಸ್ಮಶಾನದಲ್ಲಿ ಅಂಜನಿ, ಡೆರಿಕ್, ಹರ್‌ದೇವ್ ಮೊದಲೇ ಬಂದು ಗೋರಿಯ ಸುತ್ತಲ ಹುಲ್ಲು ಕೀಳುತ್ತಿದ್ದರು. ಫುವಾಳನ್ನು ಕಂಡು ಪಕ್ಕಕ್ಕೆ ಸರಿದರು. ಅವಳು ನನ್ನ ಭುಜ ಹಿಡಿದು ಬಗ್ಗಿ, ಬತ್ತಿಯನ್ನು ತಾನೇ ನೆಟ್ಟು ಹಚ್ಚಿದಳು. ಗಾಳಿಗೆ ಎರಡು ಸಲ ಆರಿತು, ಮತ್ತೆ ಹಚ್ಚಿದಳು. ಉರಿ ನಿಂತ ಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಹೊಸ ಸೊಸೆಯಂದಿರು ಎಳೆದುಕೊಳ್ಳುವ ಹಾಗೆ. ಕೈಯಿಂದ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಬರೋದು ಸ್ವಲ್ಪ ತಡ ಆಯ್ತು, ಅತ್ತೆಮ್ಮ" ಎಂದಳು.